ಆಂಗ್ಲಿಕನ್ ಪ್ರಾರ್ಥನಾಕ್ರಮವೂ ಕನ್ನಡ ಗದ್ಯವೂ

ಕ್ರ್ಯಾನ್ಮರನ ಮುಂದಾಳುತನದಲ್ಲಿ ೧೫೪೯ರಲ್ಲಿ ಹೊರಬಂದು, ೧೬೬೨ರಲ್ಲಿ ಸ್ಥಿರರೂಪವನ್ನು ತಾಳಿದ ಇಂಗ್ಲೆಂಡಿನ ಪ್ರಾರ್ಥನಾಗ್ರಂಥವು ನಮ್ಮ ಬೆಂಗಳೂರಿಗೆ ದಂಡಿನೊಡನೆ ಬಂದಿತು. ೧೮೧೨ರಲ್ಲಿ ಮುಗಿದ ಸೇಂಟ್ ಮಾರ್ಕ್ಸ್ ದೇವಾಲಯವು ಆ ಕಾಲದ್ದು. ೧೯೪೭ನೆಯ ಸೆಪ್ಟೆಂಬರ್ ೨೭ರಂದು ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದುವು. ಅದರ ಪ್ರಭುಭೋಜನವಿಧಿಯು ೧೯೫೦ರಲ್ಲಿಯೂ, ಸಾಮಾನ್ಯಾರಾಧನೆಯ ಸಮಗ್ರ ಗ್ರಂಥವು ೧೯೬೩ರಲ್ಲಿಯೂ ಬಳಕೆಗೆ ಬಂದುವು. ಹಳೆಯ ಕ್ರಮದ ಬಹುಭಾಗವು ಇವುಗಳಲ್ಲಿ ಉಳಿದಿದೆ.

ಆಶುಪ್ರಾರ್ಥನೆಯೂ ವಾದ್ಯಗೋಷ್ಠಿಯೂ ಬೆಳೆದಿರುವ ಈ ದಿನಗಳಲ್ಲಿ ಬರೆದಿಟ್ಟ ಮಾತನ್ನೇ ಒಪ್ಪಿಸುವುದು ಜಡಾಚಾರವೆಂದು ಕೆಲವರ ಆಕ್ಷೇಪ. ನಿತ್ಯಸಂಧ್ಯೆಯನ್ನು ಬಲ್ಲವರಿಗೆ ಈ ಆಕ್ಷೇಪವು ಹೊಸದಲ್ಲ. ಆದರೆ ಉತ್ತರವನ್ನು ಗ್ರಂಥದ ರಚನೆಯಲ್ಲಿಯೇ ಹುಡುಕತಕ್ಕದ್ದು.

ಅಲ್ಲಿ 'ಕಲೆಕ್ಟ್' ಎಂಬ ಕಿರುಪ್ರಾರ್ಥನೆಯುಂಟು. ಸಂಬೋಧನೆ, ದೇವರ ಗುಣಕಥನ, ಬೇಡಿಕೆ, ಅದರ ಪ್ರಯೋಜನ, ಕೊನೆಗೆ ಕ್ರಿಸ್ತನ ಮಧ್ಯಸ್ಥಿಕೆ: ಇದು ಅದರ ಅಂಗವಿನ್ಯಾಸ. ಗುಣಕಥನವು ಬರಿಯ ಹೊಗಳಿಕೆಯಲ್ಲ, ಬೇಡಿಕೆಗೆ ಹೇತು. ನಮ್ಮ ಆಲಂಕಾರಿಕರು ಸಾಭಿಪ್ರಾಯವಾದ ಇಂಥ ವಿಶೇಷಣವನ್ನೇ ಪರಿಕರವೆಂದರು. ಇಂಗ್ಲಿಷಿನಲ್ಲಿ ಗುಣವು ಸಂಬೋಧನೆಯ ಹಿಂದೆ ಬರುತ್ತದೆ. ಕನ್ನಡದಲ್ಲಿ ಕೃದಂತವಾಗಿ ಮುಂದೆ ನಿಲ್ಲುತ್ತದೆ. 'ಕತ್ತಲೆಯಿಂದ ಬೆಳಕನ್ನು ಬೇರ್ಪಡಿಸಿದ ದೇವರೇ, ನಮ್ಮ ಬುದ್ಧಿಯನ್ನು ಬೆಳಗು' ಎಂಬ ನನ್ನ ವಾಕ್ಯವನ್ನು ನೋಡಿರಿ. ದೇವರ ಹೆಸರಿಗಾಗಿ ಕಿವಿಯು ಕಾಯುತ್ತದೆ. ಇದನ್ನು ಒಡೆದು 'ದೇವರೇ, ನೀನು ಬೇರ್ಪಡಿಸಿದೆ. ಆದುದರಿಂದ ಬೆಳಗು' ಎಂದು ಬರೆದರೆ ಅರ್ಥವುಳಿದು ಪ್ರಾರ್ಥನೆ ಹೋಗುತ್ತದೆ. ಸರಳಗೊಳಿಸಲು ಹೊರಟ ಅನುವಾದಕರು ಇದನ್ನು ಗಮನಿಸಬೇಕು.

ಇಂಗ್ಲೆಂಡಿನಲ್ಲಿ ದೇವರನ್ನು ಕರೆಯುವ ಹಳೆಯ ಏಕವಚನ ಸರ್ವನಾಮವು ಆಡುಮಾತಿನಿಂದ ಮರೆಯಾದುದರಿಂದ ಅದನ್ನು ಉಳಿಸುವುದೋ ಬಿಡುವುದೋ ಎಂದು ದೊಡ್ಡ ಜಗಳವಾಯಿತು. ವಚನಕಾರರೂ ದಾಸರೂ 'ನೀನು' ಎಂದೇ ಕರೆದ ನಾಡಿನಲ್ಲಿ ಆ ಜಗಳಕ್ಕೆ ಅವಕಾಶವೆಲ್ಲಿ? ಅದನ್ನಿಲ್ಲಿ ಎರವಲು ತರುವುದು ವ್ಯರ್ಥಶ್ರಮ.

ದೋಷವಿರುವುದು ಬೇರೆಡೆ. ಒಂದೇ ಅರ್ಥದ ಜೋಡಿಪದಗಳು ಮೂಲದಲ್ಲಿ ಹೇರಳ. ಅನೇಕ ಕಡೆ ಒಂದು ಅಚ್ಚ ಇಂಗ್ಲಿಷಿನದು, ಇನ್ನೊಂದು ಲ್ಯಾಟಿನ್ ಮೂಲದ್ದು. ಅವಕ್ಕೆ ಕನ್ನಡದಲ್ಲಿ 'ದೋಷದುರಿತಗಳು' ಎಂದು ಎರಡು ತತ್ಸಮಗಳನ್ನು ಹೇರಿದರೆ ನಾಲಗೆ ಎಡವುತ್ತದೆ. 'ತಪ್ಪು ಅಪರಾಧ' ಎಂಬಂತೆ ದೇಶ್ಯವನ್ನೂ ತತ್ಸಮವನ್ನೂ ಕೂಡಿಸಿದರೆ ಮೂಲದ ನಡೆಯೂ ಬರುತ್ತದೆ, ಸಭೆಯ ಬಾಯಿಗೂ ಒಗ್ಗುತ್ತದೆ. ಸಂಸ್ಕೃತಪಕ್ಷಪಾತಿಯಾದ ನಾನೇ ಇದನ್ನು ಹೇಳುತ್ತಿದ್ದೇನೆ.

೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ನೆಲಸಿದ ಬಳಿಕ ನಮ್ಮ ಜಾಲಹಳ್ಳಿಯಲ್ಲಿ ಹಲವು ಭಾಷೆಗಳ ಜನರು ಕೂಡಿದರು. ಇಂಥ ಊರಿನಲ್ಲಿ ಕನ್ನಡವನ್ನು ಅರೆಬರೆ ಬಲ್ಲವನಿಗೂ ಮುಂದಿನ ಮಾತು ಯಾವುದೆಂದು ಮೊದಲೇ ತಿಳಿದಿರುತ್ತದೆ. ಆಶುಪ್ರಾರ್ಥನೆಯಲ್ಲಾದರೋ ಅವನು ಕೇಳುಗನಷ್ಟೆ. ಆದುದರಿಂದ ಪರಿಷ್ಕರಿಸುವವರು ಕ್ಲಿಷ್ಟಪದಗಳನ್ನು ಬದಲಿಸಲಿ. ಸಭೆಯವರು ಒಕ್ಕೊರಲಿನಿಂದ ಹೇಳುವ ಪ್ರತಿವಚನಗಳ ಲಯವನ್ನು ಮಾತ್ರ ಮುಟ್ಟದಿರಲಿ.