ಮಣಿಕಟ್ಟಿನ ಸಾಕ್ಷ್ಯ: ಹೃದಯಬಡಿತ ಎಣಿಸುವ ಗಡಿಯಾರಗಳನ್ನು ಕುರಿತು ಒಂದು ವಿಮರ್ಶೆ

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭಶಾಸನದಲ್ಲಿ ಕಾಲನಿರ್ದೇಶವಿಲ್ಲ. ಕದಂಬ ಶಾಂತಿವರ್ಮನ ಆಜ್ಞೆಯಂತೆ ಕುಬ್ಜಕವಿಯು ರಚಿಸಿದ ಈ ಕಾವ್ಯದ ಕಾಲವನ್ನು ವಿದ್ವಾಂಸರು ಲಿಪಿಸ್ವರೂಪ, ವಂಶಾವಳಿಗಳ ಆಧಾರದಿಂದ ಊಹಿಸಿ, ಅದರ ಹಿಂದೆ 'ಸುಮಾರು' ಎಂಬ ಮಾತನ್ನು ತಪ್ಪದೆ ಇಡುತ್ತಾರೆ. ಶಾಸನಾಧ್ಯಯನಕ್ಕೆಂದು ವಿದ್ಯಾರ್ಥಿಗಳೊಡನೆ ನಾವು ಅಲ್ಲಿಗೆ ಹೋಗಿದ್ದಾಗ, ಹಲವರ ಮಣಿಕಟ್ಟಿನಲ್ಲಿ ಹೃದಯಬಡಿತವನ್ನು ತೋರಿಸುವ ಗಡಿಯಾರಗಳಿದ್ದುವು. ಅವುಗಳ ಅಂಕಿಯ ಹಿಂದೆ ಮಾತ್ರ ಯಾರೂ 'ಸುಮಾರು' ಎನ್ನಲಿಲ್ಲ.

ವಿಷಯವು ಕ್ಷುಲ್ಲಕವಾದುದಲ್ಲ. ೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜ್‌ಕುಮಾರ್ ೪೬ನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ, ೨೦೨೫ರಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಮೇಲೊಂದು ಬಂದಾಗಲೂ ನಾಡಿನ ಜನ ಭಯಗೊಂಡು ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಸಾಲುಗಟ್ಟಿದರು. ಗಡಿಯಾರವನ್ನು ತಾಯಿತದಂತೆ ಕಟ್ಟಿಕೊಂಡು ವ್ಯಾಯಾಮ ಮಾಡುವವರನ್ನು ನಮ್ಮ ಸಹೋದ್ಯೋಗಿಗಳಲ್ಲಿಯೇ ಕಂಡಿದ್ದೇವೆ. ಆದಕಾರಣ ಈ ಸಾಕ್ಷಿಯ ಯೋಗ್ಯತೆಯನ್ನು ಪರೀಕ್ಷಿಸುವುದು ಅವಶ್ಯವಾಗಿದೆ.

ಸಾಕ್ಷಿಯು ಘಟನೆಯನ್ನು ಪ್ರತ್ಯಕ್ಷ ಕಂಡಿತೆ ಎಂಬುದು ಇತಿಹಾಸಕಾರನ ಮೊದಲ ಪ್ರಶ್ನೆ. ಎದೆಗೆ ಕಟ್ಟುವ ಪಟ್ಟಿಯು ಹೃದಯದ ವಿದ್ಯುತ್ ಸಂಕೇತವನ್ನೇ ಗ್ರಹಿಸುತ್ತದೆ. ಫಿನ್ಲೆಂಡಿನ ಪೋಲಾರ್ ಸಂಸ್ಥೆ ೧೯೮೨ರಲ್ಲಿ ತಂತಿಯಿಲ್ಲದ ಇಂಥ ಮಾಪಕವನ್ನು ಮಾರುಕಟ್ಟೆಗೆ ತಂದಿತು. ಮಣಿಕಟ್ಟಿನ ಗಡಿಯಾರವಾದರೋ ಚರ್ಮದೊಳಕ್ಕೆ ಹಸಿರು ಬೆಳಕನ್ನು ಬಿಟ್ಟು, ಹಿಂದಿರುಗುವ ಬೆಳಕಿನ ಏರಿಳಿತದಿಂದ ರಕ್ತದ ಏರಿಳಿತವನ್ನೂ ಅದರಿಂದ ಬಡಿತವನ್ನೂ ಅನುಮಾನಿಸುತ್ತದೆ. ಒಂದು ಕಲ್ಲಿನ ಬರಹ, ಇನ್ನೊಂದು ಅದರ ಪಡಿಯಚ್ಚು. ಕೈ ಬೀಸಿ ಓಡುವಾಗ ತೋಳಿನ ಲಯವೂ ಬೆಳಕನ್ನು ಕದಲಿಸುವುದರಿಂದ, ಯಂತ್ರವು ಹೆಜ್ಜೆಯನ್ನೇ ಬಡಿತವೆಂದು ಓದುವುದುಂಟು. ತಾಳಗುಂದದ ಶಾಸನದಲ್ಲಿಯೇ, ಕಂಚಿಯಲ್ಲಿ ಮಯೂರಶರ್ಮನಿಗೊದಗಿದ ಕಲಹದ ಪ್ರಸಂಗದಲ್ಲಿ ಬರುವ 'ಅಶ್ವಸಂಸ್ಥ' ಎಂಬ ಪದಕ್ಕೆ ಕೆಲವರು ಕುದುರೆಸವಾರನೆಂದೂ ಕೆಲವರು ಅಶ್ವಯಾಗವೆಂದೂ ಅರ್ಥಮಾಡಿರುತ್ತಾರೆ. ಅಕ್ಷರ ಒಂದೇ, ಓದು ಎರಡು. ಶಾಸನತಜ್ಞರು ತಮ್ಮ ಸಂದೇಹವನ್ನು ಅಡಿಟಿಪ್ಪಣಿಯಲ್ಲಿ ಬರೆಯುತ್ತಾರೆ, ಗಡಿಯಾರಕ್ಕೆ ಅಡಿಟಿಪ್ಪಣಿಯಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ೨೦೧೭ರಲ್ಲಿ ೬೦ ಮಂದಿಗೆ ೭ ಉಪಕರಣಗಳನ್ನು ಕಟ್ಟಿ ಪರೀಕ್ಷಿಸಿದರು. ಸೈಕಲ್ ತುಳಿಯುವಾಗ ೬ ಉಪಕರಣಗಳ ಮಧ್ಯಮ ದೋಷವು ಶೇಕಡ ೫ಕ್ಕಿಂತ ಕಡಿಮೆಯಿತ್ತು. ನಡೆಯುವಾಗ ದೋಷ ಹೆಚ್ಚಿತು. ಸೈಕಲ್ಲಿನ ಹಿಡಿಯ ಮೇಲೆ ಕೈ ನಿಶ್ಚಲವಾಗಿರುವುದೇ ಇದಕ್ಕೆ ಕಾರಣವಿರಬೇಕೆಂದು ನಮಗೆ ತೋರುತ್ತದೆ. ವ್ಯಯವಾದ ಶಕ್ತಿಯ ಲೆಕ್ಕದಲ್ಲಿಯಾದರೋ ಯಾವ ಉಪಕರಣದ ದೋಷವೂ ಶೇಕಡ ೨೦ಕ್ಕಿಂತ ಕೆಳಗಿಳಿಯಲಿಲ್ಲ. ಕ್ಯಾಲೊರಿಯ ಅಂಕಿಯನ್ನು ನೆಚ್ಚಿ ಊಟದಲ್ಲಿ ಎರಡು ಹೋಳಿಗೆ ಹೆಚ್ಚು ಹಾಕಿಸಿಕೊಳ್ಳುವವರು ಇದನ್ನು ಗಮನಿಸಬಹುದು.

ನಮ್ಮ ಜನಕ್ಕೆ ಹೆಚ್ಚು ಸಂಬಂಧಪಟ್ಟ ಪ್ರಶ್ನೆ ಮೈಬಣ್ಣದ್ದು. ೨೦೧೭ರ ಮೇಲ್ಕಂಡ ಪರೀಕ್ಷೆಯು ಕಪ್ಪು ಮೈಬಣ್ಣದವರಲ್ಲಿ ದೋಷ ಹೆಚ್ಚೆಂದಿತು. ಡ್ಯೂಕ್ ವಿಶ್ವವಿದ್ಯಾನಿಲಯದವರ ೨೦೨೦ರ ಪರೀಕ್ಷೆಯು ಗಣನೀಯ ವ್ಯತ್ಯಾಸವಿಲ್ಲವೆಂದೂ, ಚಲನೆಯಲ್ಲಿರುವಾಗಿನ ದೋಷವು ವಿಶ್ರಾಂತಿಯಲ್ಲಿರುವಾಗಿನದಕ್ಕಿಂತ ಸರಾಸರಿ ಶೇಕಡ ೩೦ರಷ್ಟು ಅಧಿಕವೆಂದೂ ಹೇಳಿತು. ಎರಡು ಆಕರಗಳು ವಿರೋಧಿಸಿದಾಗ ನಮಗೆ ಅನುಕೂಲವಾದುದನ್ನು ಆರಿಸಿಕೊಳ್ಳುವುದು ವಿಮರ್ಶೆಯಲ್ಲ. ನಮ್ಮ ಕಾಲೇಜುಗಳ ಶರೀರವಿಜ್ಞಾನ, ದೈಹಿಕ ಶಿಕ್ಷಣ ವಿಭಾಗಗಳವರು ಎದೆಪಟ್ಟಿಯನ್ನು ಪ್ರಮಾಣವಾಗಿಟ್ಟುಕೊಂಡು ಇದನ್ನು ನಮ್ಮ ವಿದ್ಯಾರ್ಥಿಗಳಲ್ಲಿಯೇ ಪರೀಕ್ಷಿಸಬಹುದು.

ಅಂಕಿ ಸರಿಯಿದ್ದರೂ ಅದನ್ನು ಅಳೆಯುವ ಕೋಲು ಸರಿಯಿರಬೇಕಷ್ಟೆ. ೨೨೦ರಿಂದ ವಯಸ್ಸನ್ನು ಕಳೆದರೆ ಬಡಿತದ ಪರಮಾವಧಿ ದೊರೆಯುವುದೆಂಬ, ೧೯೭೧ರಿಂದ ಪ್ರಚಾರಕ್ಕೆ ಬಂದ ಸೂತ್ರವು ಅದಕ್ಕೆಂದೇ ನಡೆಸಿದ ಪ್ರಯೋಗದ ಫಲವಲ್ಲ. ೨೦೦೧ರಲ್ಲಿ ಟನಾಕ ಮತ್ತು ಸಂಗಡಿಗರು, ವಯಸ್ಸಿನ ಹತ್ತರಲ್ಲೇಳು ಭಾಗವನ್ನು ೨೦೮ರಿಂದ ಕಳೆಯಬೇಕೆಂದರು. ೬೦ರ ಪ್ರಾಧ್ಯಾಪಕರಿಗೆ ಮೊದಲ ಸೂತ್ರ ೧೬೦ ಎಂದರೆ ಎರಡನೆಯದು ೧೬೬ ಎನ್ನುತ್ತದೆ. ಎರಡೂ ಸರಾಸರಿಗಳೇ, ವ್ಯಕ್ತಿವ್ಯಕ್ತಿಗೆ ಹತ್ತಾರು ಬಡಿತಗಳ ಅಂತರವಿರುವುದು ಸಹಜ.

ಇವೆಲ್ಲಕ್ಕಿಂತ ಮುಖ್ಯವಾದುದು ಸಾಕ್ಷಿಯು ಏನನ್ನು ಕಾಣಲಾರದು ಎಂಬುದು. ಬಡಿತವನ್ನೆಣಿಸುವ ಬೆಳಕು ಹೃದಯದ ರಕ್ತನಾಳವು ಕಿರಿದಾಗಿರುವುದನ್ನು ತೋರಿಸದು. ಎದೆನೋವು ಬಂದಾಗ ಅಂಕಿ ಸರಿಯಿದೆಯೆಂದು ಓಟವನ್ನು ಮುಂದುವರಿಸಿದವನು, ಶಾಸನವು ಹೇಳದುದನ್ನು ಅದರ ಮೌನದಿಂದ ಸಾಧಿಸಹೊರಟ ಪಂಡಿತನಂತೆ; ಪಂಡಿತನು ಕಳೆದುಕೊಳ್ಳುವುದು ಕೀರ್ತಿಯನ್ನು ಮಾತ್ರ.

ತಾಳಗುಂದದಲ್ಲಿ ಅಂದು, ದೇವಾಲಯದ ಹೊರಗಿನ ರಸ್ತೆಯಲ್ಲಿ ಓಡಿಬಂದ ವಿದ್ಯಾರ್ಥಿಯೊಬ್ಬನ ನಾಡಿಯನ್ನು ಬೆರಳಿಟ್ಟು ೧೫ ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದೆವು. ಗಡಿಯಾರದ ಅಂಕಿ ಅದಕ್ಕೆ ಹೊಂದಲಿಲ್ಲ. ಅವನು ಜಗಲಿಯ ಮೇಲೆ ಕುಳಿತು ಕೈಯನ್ನು ತೊಡೆಯ ಮೇಲಿಟ್ಟುಕೊಂಡ ಬಳಿಕ ಮತ್ತೆ ಎಣಿಸಿದೆವು; ಆಗ ಎರಡೂ ಬಹುಮಟ್ಟಿಗೆ ಒಂದಾದುವು. ಅವನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡು ಅಂಕಿಗಳನ್ನೂ ಬರೆದುಕೊಂಡು, ಗಡಿಯಾರದ್ದರ ಹಿಂದೆ 'ಸುಮಾರು' ಎಂದು ಸೇರಿಸಿದನು.