ಗುಡಿಯ ಅಲಂಕಾರದಲ್ಲಿ ಸ್ಥಾನೌಚಿತ್ಯ

ಕಾವ್ಯಕ್ಕೆ ಅಲಂಕಾರವು ಶೋಭೆಯೋ ಭಾರವೋ ಎಂಬ ವಿಚಾರವು ಅಲಂಕಾರಶಾಸ್ತ್ರದಷ್ಟೇ ಹಳೆಯದು. 11ನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚೆ’ಯಲ್ಲಿ ಇದಕ್ಕೆ ಒಂದು ನಿರ್ಣಯವನ್ನು ಹೇಳಿದನು. ತಕ್ಕ ಎಡೆಯಲ್ಲಿ ಇಟ್ಟಾಗಲೇ ಒಡವೆಯು ಒಡವೆಯೆನಿಸುವುದು; ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟವರನ್ನು ಕಂಡು ಲೋಕವು ನಗುವುದೇ ಹೊರತು ಮೆಚ್ಚದು ಎಂಬುದು ಅವನ ಅಭಿಪ್ರಾಯದ ಸಾರ. ಒಡವೆಗಳು ಎಷ್ಟು ಎಂಬ ಪ್ರಶ್ನೆಗಿಂತ ಎಲ್ಲಿ ಎಂಬ ಪ್ರಶ್ನೆಯೇ ಹಿರಿದೆಂದು ಇದರಿಂದ ತಿಳಿಯಬೇಕು.

ಈ ಅಳತೆಗೋಲನ್ನು ಕಾವ್ಯಕ್ಕೆ ಹಿಡಿದವರು ಬಹು ಮಂದಿ. ಕಲ್ಲಿನ ಗುಡಿಗಳಿಗೆ ಹಿಡಿದವರು ವಿರಳ. ಹೊಯ್ಸಳರ ಕಾಲದ ದೇವಾಲಯಗಳ ವಿಷಯದಲ್ಲಿ ‘ಕುಸುರಿ ಹೆಚ್ಚು, ಕಟ್ಟಡ ಕಡಿಮೆ, ಇದು ಅಕ್ಕಸಾಲಿಗನ ಕೆಲಸವೇ ಹೊರತು ಸ್ಥಪತಿಯದಲ್ಲ’ ಎಂಬ ಮಾತು ಹಿಂದಿನಿಂದ ಬಂದಿದೆ. ಮೆಚ್ಚುವವರೂ ಕುಸುರಿಯನ್ನೇ ಮೆಚ್ಚುವರು, ಹಳಿಯುವವರೂ ಕುಸುರಿಯನ್ನೇ ಹಳಿಯುವರು. ಅದು ಇರುವ ಸ್ಥಾನವನ್ನು ಇಬ್ಬರೂ ವಿಚಾರಿಸರು.

ಜೇಮ್ಸ್ ಫರ್ಗ್ಯುಸನ್ನನು 1876ರಲ್ಲಿ ಪ್ರಕಟಿಸಿದ ತನ್ನ ವಾಸ್ತುಚರಿತ್ರೆಯಲ್ಲಿ ಹಳೇಬೀಡಿನ ಗುಡಿಯನ್ನು ಅಥೆನ್ಸಿನ ಪಾರ್ಥೆನಾನಿನ ಎದುರಿಗೆ ನಿಲ್ಲಿಸಿ, ಇವೆರಡೂ ವಾಸ್ತುಕಲೆಯ ಎರಡು ತುದಿಗಳೆಂದು ತೀರ್ಮಾನಿಸಿದನು. ಅವನು ಹೇಳಿದುದು ಮೆಚ್ಚುಗೆಯಿಂದಲೇ. ಆದರೂ ಆ ಜೋಡಿ ಸರಿಯಾದ ಜೋಡಿಯಲ್ಲ. ಎರಡು ಕಟ್ಟಡಗಳಿಗೂ ನಡುವೆ 1,500 ವರ್ಷಗಳಿಗೂ ಮಿಕ್ಕ ಅಂತರವಿದೆ. ಪಾರ್ಥೆನಾನಿನ ಪಕ್ಕದಲ್ಲಿ ನಿಂತಾಗ ಕನ್ನಡ ನಾಡಿನ ಗುಡಿಯ ಸಮೃದ್ಧಿಯೊಂದೇ ಕಣ್ಣಿಗೆ ಬೀಳುವುದು. ಅದರ ಕ್ರಮವು ಮರೆಯಾಗುವುದು. ಹೋಲಿಕೆಯು ಬೇಕೇ ಆದಲ್ಲಿ, ಹೊಯ್ಸಳರಿಗೆ ಕಾಲದಲ್ಲಿ ಹತ್ತಿರವಾದ ಬೈಜಾಂಟಿಯಂ ಸಾಮ್ರಾಜ್ಯದ ಕ್ರೈಸ್ತ ದೇವಾಲಯಗಳನ್ನು ತೆಗೆದುಕೊಳ್ಳುವುದು ಯುಕ್ತ. ಅಲ್ಲಿಯೂ ಅಲಂಕಾರವು ಧಾರಾಳ. ಅಲ್ಲಿಯೂ ಅದು ದೈವವಿಚಾರಕ್ಕೆ ಅಧೀನ.

ರೋಮ್ ಸಾಮ್ರಾಜ್ಯದ ಪೂರ್ವಭಾಗವು ಕಾನ್‌ಸ್ಟಾಂಟಿನೋಪಲನ್ನು, ಎಂದರೆ ಇಂದಿನ ಇಸ್ತಾಂಬುಲನ್ನು, ರಾಜಧಾನಿಯಾಗಿ ಮಾಡಿಕೊಂಡು 1453ರವರೆಗೆ ಬಾಳಿತು. ಜಸ್ಟಿನಿಯನ್ ಚಕ್ರವರ್ತಿಯು ಆ ನಗರದಲ್ಲಿ 532ರಿಂದ 537ರ ಒಳಗಾಗಿ ‘ಹಾಗಿಯಾ ಸೋಫಿಯಾ’ ಎಂಬ ದೇವಾಲಯವನ್ನು ಕಟ್ಟಿಸಿದನು. ಆಂಥೆಮಿಯಸ್, ಇಸಿಡೋರ್ ಎಂಬಿಬ್ಬರು ಅದರ ಸ್ಥಪತಿಗಳು. ಸುಮಾರು 31 ಮೀಟರ್ ಅಗಲದ ಗುಮ್ಮಟವೂ ಅದರ ಬುಡದಲ್ಲಿ ಸುತ್ತಲೂ 40 ಕಿಟಕಿಗಳೂ ಅಲ್ಲಿವೆ. ಮುಂದೆ 8 ಮತ್ತು 9ನೆಯ ಶತಮಾನಗಳಲ್ಲಿ, ದೇವರ ಚಿತ್ರವನ್ನು ಬರೆಯಬಹುದೇ ಬಾರದೇ ಎಂಬ ಘೋರವಾದ ವಿವಾದವು ಆ ರಾಜ್ಯದಲ್ಲಿ ಎದ್ದಿತು. ಚಿತ್ರಗಳನ್ನು ಕಿತ್ತರು, ಬಳಿದರು. 843ರಲ್ಲಿ ವಿವಾದವು ಚಿತ್ರಪಕ್ಷದ ಜಯದಿಂದ ಮುಗಿಯಿತು. ಆ ಬಳಿಕ ಯಾವ ಚಿತ್ರವು ಎಲ್ಲಿ ಇರತಕ್ಕದ್ದೆಂಬುದಕ್ಕೆ ಒಂದು ಕ್ರಮವು ನೆಲೆಗೊಂಡಿತು.

ಆ ಕ್ರಮಕ್ಕೆ ಅಥೆನ್ಸಿನ ಸಮೀಪದ ದಾಫ್ನಿ ಎಂಬ ಮಠದ ದೇವಾಲಯವು ಒಳ್ಳೆಯ ನಿದರ್ಶನ. ಅದು 11ನೆಯ ಶತಮಾನದ ಕೊನೆಯ ಭಾಗದ್ದು. ಗುಮ್ಮಟದ ನೆತ್ತಿಯಲ್ಲಿ ಸರ್ವೇಶ್ವರನಾದ ಕ್ರಿಸ್ತನ ಮುಖ. ಅದರ ಕೆಳಗೆ, ಕಿಟಕಿಗಳ ನಡುನಡುವೆ, 16 ಮಂದಿ ಪ್ರವಾದಿಗಳು. ಇನ್ನೂ ಕೆಳಗೆ ನಾಲ್ಕು ಮೂಲೆಗಳಲ್ಲಿ ಕ್ರಿಸ್ತನ ಚರಿತ್ರೆಯ ನಾಲ್ಕು ಘಟನೆಗಳು. ಪೂರ್ವದ ಅರೆಗುಮ್ಮಟದಲ್ಲಿ ದೇವಮಾತೆ. ಜನರು ನಿಲ್ಲುವ ನೆಲಕ್ಕೆ ಹತ್ತಿರದಲ್ಲಿ ಸಂತರು. ಮೇಲಿನಿಂದ ಕೆಳಕ್ಕೆ ಇಳಿದಂತೆ ದೇವಲೋಕವು ಮನುಷ್ಯಲೋಕವಾಗುವುದು. ಚಿತ್ರಗಳೆಲ್ಲವೂ ಬಣ್ಣದ ಗಾಜು ಮತ್ತು ಕಲ್ಲುಗಳ ಕಿರಿಯ ಚೂರುಗಳನ್ನು ಹಸಿ ಗಾರೆಯಲ್ಲಿ ಒತ್ತಿ ಕೂಡಿಸಿದ ಮೊಸಾಯಿಕ್ ಕೆಲಸ. ಹೊನ್ನಿನ ರೇಕನ್ನು ಒಳಗೊಂಡ ಗಾಜಿನ ಚೂರುಗಳು ದೀಪದ ಬೆಳಕನ್ನು ಹಿಡಿದು ಹೊಳೆಯುವುವು.

ಇನ್ನು ಹರಿಹರಕ್ಕೆ ಬರಬಹುದು. ಹೊನ್ನಾಳಿಯ ಮಗ್ಗುಲಲ್ಲಿ ಹರಿದುಬಂದ ತುಂಗಭದ್ರೆಯೂ ಚನ್ನಗಿರಿ ಸೀಮೆಯ ಸೂಳೆಕೆರೆಯ ನೀರನ್ನು ಹೊತ್ತು ತರುವ ಹರಿದ್ರೆಯೂ ಕೂಡುವ ಎಡೆಯಲ್ಲಿ ಹರಿಹರೇಶ್ವರನ ಗುಡಿಯಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿನಲ್ಲಿ ಇದನ್ನು ಕಟ್ಟಿಸಿದನು. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ಕೆಲವನ್ನು ಸೇರಿಸಿದನು. ಮೆಟ್ಟಿಲು ಮೆಟ್ಟಿಲಾಗಿ ಹೊರಚಾಚಿದ ಚೌಕದ ತೆರೆದ ಮಂಟಪ, ಅಂಚಿನಲ್ಲಿ ಗಿಡ್ಡ ಗೋಡೆ, ಆ ಗೋಡೆಯ ಮೇಲೆ ಸೂರನ್ನು ಹೊತ್ತ ಅರೆಗಂಬಗಳು, ಒಳಗೆ ಕಡೆದು ತಿರುವಿದ ನುಣುಪಾದ ಪೂರ್ಣಸ್ತಂಭಗಳು. ಛತ್ತುಗಳಲ್ಲಿ ಹೂವಿನ ವಿನ್ಯಾಸವೇ ಪ್ರಧಾನ. ಗರ್ಭಗುಡಿಯಲ್ಲಿ ಬಲದ ಅರ್ಧ ಶಿವನೂ ಎಡದ ಅರ್ಧ ವಿಷ್ಣುವೂ ಆದ ಒಂದೇ ಮೂರ್ತಿ.

ಇಷ್ಟು ದೂರದ ಎರಡು ನಾಡುಗಳ ಸ್ಥಪತಿಗಳಿಗೂ ಎದುರಾದ ತೊಡಕು ಒಂದೇ: ನೆಲವು ಚೌಕ, ನೆತ್ತಿಯು ವೃತ್ತ, ಚೌಕವು ವೃತ್ತವಾಗುವುದು ಹೇಗೆ? ದಾಫ್ನಿಯಲ್ಲಿ ಚೌಕದ ಮೂಲೆಗಳಿಗೆ ಅಡ್ಡಲಾಗಿ ಕಿರುಕಮಾನುಗಳನ್ನು ಕಟ್ಟಿ, ಚೌಕವನ್ನು ಅಷ್ಟಕೋನ ಮಾಡಿ, ಅದರ ಮೇಲೆ ಗುಮ್ಮಟವನ್ನು ಏರಿಸಿದರು. ಕನ್ನಡ ನಾಡಿನ ಶಿಲ್ಪಿಗಳು ಮೂಲೆಗಳಿಗೆ ಅಡ್ಡಲಾಗಿ ಚಪ್ಪಡಿಗಳನ್ನು ಹಾಸಿ ಅದೇ ಅಷ್ಟಕೋನವನ್ನು ಪಡೆದು, ಅದರ ಮೇಲೆ ಒಂದೊಂದು ವರಸೆಯನ್ನೂ ಸ್ವಲ್ಪ ಸ್ವಲ್ಪ ಒಳಚಾಚಿ ಇರಿಸಿ, ಭುವನೇಶ್ವರಿಯೆಂಬ ಕಮಲಾಕಾರದ ಛತ್ತನ್ನು ಸಾಧಿಸಿದರು. ಒಂದು ಕಮಾನಿನ ನ್ಯಾಯ, ಇನ್ನೊಂದು ತೊಲೆಯ ನ್ಯಾಯ. ಕಮಾನು ಹೊರಕ್ಕೆ ತಳ್ಳುವುದು. ಆದುದರಿಂದಲೇ ಹಾಗಿಯಾ ಸೋಫಿಯಾದ ಮೊದಲ ಗುಮ್ಮಟವು ಗೋಡೆಗಳು ಬಾಗಿ 558ರಲ್ಲಿ ಕುಸಿದು, ಇನ್ನೂ ಎತ್ತರವಾಗಿ ಮತ್ತೆ ಕಟ್ಟಲ್ಪಟ್ಟಿತು. ಒಳಚಾಚಿದ ಕಲ್ಲು ಕೆಳಕ್ಕೇ ಒತ್ತುವುದು. ಆದುದರಿಂದ ಅದು ಬಹಳ ಅಗಲಕ್ಕೆ ಹೋಗದು, ಅದಕ್ಕೆ ಕಂಬಗಳ ಸಮೂಹವೇ ಬೇಕಾಗುವುದು. ಗುಡಿಯೊಳಗಿನ ಕಂಬಗಳನ್ನು ಆಡಂಬರವೆಂದು ಎಣಿಸುವವರು ಇದನ್ನು ನೆನೆಯಬೇಕು.

ಅಷ್ಟಕೋನವು ಬಂದೊಡನೆ ಅಲಂಕಾರಕ್ಕೆ ಒಂದು ಸ್ಥಾನವೂ ಬಂದಿತು. ದಾಫ್ನಿಯಲ್ಲಿ ಆ ನಾಲ್ಕು ಮೂಲೆಗಳಲ್ಲಿ ದೇವಚರಿತೆಯ ಘಟನೆಗಳು ಕುಳಿತವು. ಹೊಯ್ಸಳರ ಹಲವು ಗುಡಿಗಳಲ್ಲಿ ನವರಂಗದ ನಡುಛತ್ತಿನ ಬುಡದಲ್ಲಿ ಅಷ್ಟದಿಕ್ಪಾಲಕರು ಕುಳಿತರು: ಪೂರ್ವಕ್ಕೆ ಇಂದ್ರ, ದಕ್ಷಿಣಕ್ಕೆ ಯಮ, ಪಶ್ಚಿಮಕ್ಕೆ ವರುಣ, ಉತ್ತರಕ್ಕೆ ಕುಬೇರ, ವಿದಿಕ್ಕುಗಳಲ್ಲಿ ಮಿಕ್ಕ ನಾಲ್ವರು. ಎಂಟು ಪಾರ್ಶ್ವಗಳಿಗೆ ಎಂಟು ದೇವತೆಗಳು ದೊರೆತುದು ಆಕಸ್ಮಿಕವಲ್ಲ. ನಡುವೆ ಒಂದು ಕೇಂದ್ರ, ಸುತ್ತ ದಿಕ್ಕುಗಳು ಎಂಬ ಈ ಭಾವನೆಯು ಗುಡಿಯ ಹೊರಗೂ ಉಳಿದುಬಂದಿತು. 16ನೆಯ ಶತಮಾನದಲ್ಲಿ ಕೆಂಗ ಹನುಮಂತಪ್ಪ ನಾಯಕನು ಕಟ್ಟಿಸಿದ ಸಂತೇಬೆನ್ನೂರಿನ ಪುಷ್ಕರಿಣಿಯನ್ನು ನೋಡಿರುವ ವಾಚಕರು, ನೀರಿನ ನಡುವಣ ವಸಂತಮಂಟಪವನ್ನೂ ದಿಕ್ಕುಗಳ ಕಿರುಮಂಟಪಗಳನ್ನೂ ನೆನೆದರೆ ಸಾಕು.

ಚನ್ನಗಿರಿಗೆ ನೆರೆಯಾದ ತರೀಕೆರೆ ಸೀಮೆಯ ಅಮೃತಾಪುರದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರನ ಗುಡಿಯಲ್ಲಿ, ಸ್ಥಾನವಿವೇಕವು ಇನ್ನೂ ಸ್ಪಷ್ಟ. ಮಂಟಪದ ಹೊರಗೋಡೆಯ 140 ಫಲಕಗಳಲ್ಲಿ 70 ದಕ್ಷಿಣದಲ್ಲಿದ್ದು ರಾಮಾಯಣವನ್ನು ಅಪ್ರದಕ್ಷಿಣವಾಗಿ ನಡೆಸುತ್ತವೆ. ಉತ್ತರದವುಗಳಲ್ಲಿ 25 ಕೃಷ್ಣನ ಚರಿತೆಯನ್ನೂ 45 ಭಾರತದ ಕಥೆಯನ್ನೂ ಪ್ರದಕ್ಷಿಣವಾಗಿ ನಡೆಸುತ್ತವೆ. ಅಪ್ರದಕ್ಷಿಣವೆಂದೊಡನೆ ಇದು ಶಿಲ್ಪಿಯ ಪ್ರಮಾದವೆಂದು ತೋರಬಹುದು. ವಿಚಾರಿಸಿದರೆ, ಎರಡು ಗೋಡೆಗಳಲ್ಲಿಯೂ ಕಥೆಯು ಪಶ್ಚಿಮದಿಂದ ಪೂರ್ವಕ್ಕೇ ಹರಿಯುವುದು ಕಾಣುವುದು. ಒಂದೇ ಮೂಲದಿಂದ ಹೊರಟ ಎರಡು ಕಾಲುವೆಗಳಂತೆ ಅವು ಸಮನಾಗಿ ಸಾಗುವುವು. ಫಲಕಗಳನ್ನು ಒಂದೊಂದಾಗಿ ನೋಡಿದವನಿಗೆ ಕುಸುರಿಯು ಕಾಣುವುದು. ಸಾಲಾಗಿ ನೋಡಿದವನಿಗೆ ಸ್ಥಪತಿಯು ಕಾಣುವನು.

ಸಾಮ್ಯವನ್ನು ಹೇಳಿದ ಮೇಲೆ ಭೇದವನ್ನೂ ಹೇಳಬೇಕು. ವಿಮರ್ಶೆಯ ಫಲವಿರುವುದು ಭೇದದಲ್ಲಿಯೇ. ದಾಫ್ನಿಯಂಥ ದೇವಾಲಯವು ಹೊರಗೆ ಸಾದಾ, ಒಳಗೆ ಹೊನ್ನು. ಕನ್ನಡ ನಾಡಿನ ಗುಡಿಯು ಹೊರಗೆ ತುಂಬು ಶಿಲ್ಪ, ಒಳಹೊಕ್ಕಂತೆ ಕತ್ತಲು. ಇದಕ್ಕೆ ಕಾರಣವು ಪೂಜಾಕ್ರಮ. ಅಲ್ಲಿ ಸಭೆಯು ಒಳಗೆ ನೆರೆದು ನಿಂತು ಆರಾಧಿಸುವುದು. ನಿಂತವರ ದೃಷ್ಟಿಯು ಮೇಲಕ್ಕೆ ಏರಬೇಕು. ಇಲ್ಲಿ ಭಕ್ತನು ಹೊರಗೆ ಸುತ್ತು ಬಂದು, ಮಂಟಪವನ್ನು ದಾಟಿ, ಬೆಳಕಿನಿಂದ ಮಬ್ಬಿಗೂ ಮಬ್ಬಿನಿಂದ ದೀಪಕ್ಕೂ ನಡೆಯುವನು. ಅವನ ದೃಷ್ಟಿಯು ಮುಂದಕ್ಕೆ ಸಾಗಬೇಕು. ದಾಫ್ನಿಯಲ್ಲಿ ದೇವರು ನೆತ್ತಿಯ ಮೇಲೆ. ಹರಿಹರದಲ್ಲಿ ನೆತ್ತಿಯ ಮೇಲೆ ಹೂವು, ದೇವರು ಎದುರಿಗೆ. ಮಂಟಪದ ಛತ್ತಿನಲ್ಲಿ ದೇವತಾಮೂರ್ತಿಗಳಿಗಿಂತ ಹೂವನ್ನೇ ಬಹಳವಾಗಿ ಕಡೆದುದರಲ್ಲಿ ಬಡತನವನ್ನು ಕಾಣುವುದು ಸಲ್ಲದು. ಒಳಗಿನ ಆ ಒಂದು ಮೂರ್ತಿಗಾಗಿ ಕಣ್ಣನ್ನು ಕಾದಿಟ್ಟ ಸಂಯಮವದು.

ಆ ಮೂರ್ತಿಯಲ್ಲಿಯೂ ಹೋಲಿಕೆಗೆ ಎಡೆಯುಂಟು. ಬೈಜಾಂಟಿಯಂನ ಚಿತ್ರವಿವಾದದ ಹೃದಯದಲ್ಲಿದ್ದ ಪ್ರಶ್ನೆಯು ಇದು: ದೈವಸ್ವಭಾವವೂ ಮನುಷ್ಯಸ್ವಭಾವವೂ ಕೂಡಿದ ಒಬ್ಬನನ್ನು ಚಿತ್ರಿಸುವುದು ಹೇಗೆ? ಅಲ್ಲಿಯ ಚಿತ್ರಕಾರರು ಒಂದೇ ಮುಖದಲ್ಲಿ ಎರಡನ್ನೂ ಅಡಗಿಸಿದರು. ಹರಿಹರದ ಶಿಲ್ಪಿಯು ನಡುಗೆರೆಯನ್ನು ಮರೆಮಾಚದೆ, ಎರಡನ್ನೂ ಅಕ್ಕಪಕ್ಕದಲ್ಲಿ ತೋರಿಸಿ, ಒಂದೇ ನಿಲುವಿನಲ್ಲಿ ನಿಲ್ಲಿಸಿದನು. ತತ್ತ್ವಗಳು ಬೇರೆ, ಎರಡನ್ನೂ ಒಂದೆಂದು ಸಾರುವುದು ಅವಿಚಾರ. ಆದರೆ ಮಾತಿನ ವಾದವು ತೀರದ ಕಡೆ ರೂಪವು ನಿರ್ಣಯವನ್ನು ಹೇಳಿತೆಂಬುದು ಎರಡು ಕಡೆಗೂ ಸಮಾನ.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಸ್ಥಾನವು ಉಚಿತವಾದರೂ ಕಾಣದ ಕೆಲಸದಿಂದ ಪ್ರಯೋಜನವೇನು? ಮುಚ್ಚಿದ ನವರಂಗಗಳ ಛತ್ತಿನಲ್ಲಿ, ದೀಪ ಹಿಡಿದರೂ ತೋರದಷ್ಟು ಸೂಕ್ಷ್ಮವಾಗಿ ಕಡೆದುದುಂಟು. ಈ ಮಟ್ಟಿಗೆ ಆಕ್ಷೇಪವು ನಿಜ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿರುವುದು. ಆ ಮೆದುತನವು ಕೆಲವು ಕಡೆ ಉಳಿಯ ಕೈಯನ್ನು ಮಿತಿ ಮೀರಿಸಿದೆ. ಗಾಜಿನ ಚೂರನ್ನು ಬೆಳಕಿಗೆ ತಕ್ಕಂತೆ ಓರೆಯಾಗಿ ಇಟ್ಟ ಬೈಜಾಂಟಿಯಂನ ಕುಶಲಿಯು ಈ ಅಂಶದಲ್ಲಿ ಮೇಲು. ಹರಿಹರದ ತೆರೆದ ಮಂಟಪಕ್ಕೆ ಮಾತ್ರ ಈ ದೋಷವು ತಗಲದು. ಗಿಡ್ಡ ಗೋಡೆಯ ಮೇಲಿನಿಂದ ಬೆಳಕು ಸುತ್ತಲೂ ಒಳಬರುವುದು.

ಅಲಂಕಾರವೆಂಬ ಮಾತಿನ ಮೂಲಾರ್ಥವು ಸಾಕಾಗುವಂತೆ ಮಾಡುವುದು, ಎಂದರೆ ಅಣಿಗೊಳಿಸುವುದು. ಗ್ರೀಕರ ‘ಕಾಸ್ಮೋಸ್’ ಎಂಬ ಮಾತಿಗೆ ಜಗತ್ತಿನ ವ್ಯವಸ್ಥೆಯೆಂದೂ ಒಡವೆಯೆಂದೂ ಎರಡರ್ಥಗಳುಂಟು. ಆನಂದ ಕುಮಾರಸ್ವಾಮಿಯವರು 1939ರ ಒಂದು ಲೇಖನದಲ್ಲಿ ಈ ವಿಷಯವನ್ನು ಚರ್ಚಿಸಿ, ಅಲಂಕಾರವು ಮೇಲೆ ಅಂಟಿಸಿದ ವಸ್ತುವಲ್ಲವೆಂದು ತೋರಿಸಿಕೊಟ್ಟರು. ಇದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ಮಾತಲ್ಲ. ಹರಿಹರದ ಗರ್ಭಗುಡಿಯ ಮೇಲಿನ ಮೂಲಶಿಖರವು ನಷ್ಟವಾಗಿ, ಅದರ ಎಡೆಯಲ್ಲಿ ಇಟ್ಟಿಗೆ ಗಾರೆಯ ಸಾದಾ ಬಿಳಿಯ ಗೋಪುರವು ನಿಂತಿದೆ. ಮಳೆಯಿಂದ ಕಾಪಾಡಲು ಅದು ಸಾಕು. ಕೆಳಗಿನ ಕಲ್ಲಿನ ಮಾತನ್ನು ಮುಗಿಸಲು ಸಾಲದು. ಮೇಲೆ ಅಂಟಿಸಿದುದನ್ನು ತೆಗೆದರೆ ಕೆಳಗಿನದು ಹಾಗೆಯೇ ಇರುವುದು. ಸ್ಥಾನದಿಂದ ಹುಟ್ಟಿದುದನ್ನು ತೆಗೆದರೆ ಎಲ್ಲವೂ ಕುಂದುವುದು.

ಹಾಗಿಯಾ ಸೋಫಿಯಾದ ಚಿತ್ರಗಳ ಮೇಲೆ ಗಾರೆಯು ಬಹುಕಾಲ ಇದ್ದಿತು. 1931ರಲ್ಲಿ ಥಾಮಸ್ ವಿಟ್ಟೆಮೋರನ ನೇತೃತ್ವದಲ್ಲಿ ಅದನ್ನು ಮೆಲ್ಲನೆ ಬಿಡಿಸತೊಡಗಿದಾಗ ಒಳಗಿನ ಮುಖಗಳು ತಮ್ಮ ತಮ್ಮ ಎಡೆಯಲ್ಲಿಯೇ ಇದ್ದುವು. ಕಟ್ಟಡವು ಮುಂದೆ ವಸ್ತುಸಂಗ್ರಹಾಲಯವಾಗಿ, 2020ರಲ್ಲಿ ಮತ್ತೆ ಮಸೀದಿಯಾಯಿತು. ಹೀಗೆ ಆಳ್ವಿಕೆಗಳು ಬದಲಾದರೂ ಸ್ಥಾನವು ಕೆಡದಿದ್ದುದು ದೊಡ್ಡ ಭಾಗ್ಯ. ಕನ್ನಡ ನಾಡಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಮಿಕ್ಕ ಊರುಗಳ ಗುಡಿಗಳಿಗೆ ಊರಿನವರ ವಿವೇಕವೇ ಮುಖ್ಯವಾದ ರಕ್ಷೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಎಣ್ಣೆಬಣ್ಣ ಬಳಿದರೆ ಉಳಿಯ ಗೆರೆ ತುಂಬಿಹೋಗುವುದು. ಮರಳನ್ನು ಊದಿ ಸುಣ್ಣವನ್ನು ಕಿತ್ತರೆ ಮೂರ್ತಿಯ ತುಟಿ ಮೂಗುಗಳೂ ಸವೆಯುವುವು. ಛತ್ತಿನ ಕಲ್ಲುಗಳನ್ನು ಗುರುತು ಹಾಕದೆ ಇಳಿಸಿ ಮತ್ತೆ ಏರಿಸಿದರೆ ವರುಣನು ಪೂರ್ವಕ್ಕೂ ಇಂದ್ರನು ಪಶ್ಚಿಮಕ್ಕೂ ಹೋಗಿ ಕುಳಿತಾರು. ಕೊರಳಿಗೆ ಡಾಬು ಕಟ್ಟಿದ ಕ್ಷೇಮೇಂದ್ರನ ದೃಷ್ಟಾಂತವು ಆಗ ಕಲ್ಲಿನಲ್ಲಿಯೇ ನಿಲ್ಲುವುದು.

ಬಿ. ಎಲ್. ರೈಸರು ಚನ್ನಗಿರಿ, ಹೊನ್ನಾಳಿಗಳ ಶಾಸನಗಳನ್ನು ಶಿವಮೊಗ್ಗೆಯ ಸಂಪುಟದಲ್ಲಿಯೂ ಜಗಳೂರಿನವನ್ನು ಚಿತ್ರದುರ್ಗದ ಸಂಪುಟದಲ್ಲಿಯೂ ಅಚ್ಚು ಹಾಕಿಸಿ ನೂರಿಪ್ಪತ್ತು ವರ್ಷಗಳು ಕಳೆದುವು. ಇಂದು ನ್ಯಾಮತಿಗೆ ಸೇರಿದ ಊರುಗಳೂ ಅಂದು ಹೊನ್ನಾಳಿಯಲ್ಲಿಯೇ ಇದ್ದುವು. ಕಲ್ಲಿನ ಮೇಲಿನ ಅಕ್ಷರಗಳನ್ನು ಓದಿದ್ದಾಯಿತು. ಛತ್ತುಗಳನ್ನೂ ಕಂಬಗಳ ಸಾಲನ್ನೂ ಹಾಗೆ ಓದುವ ಕೆಲಸವು ಉಳಿದಿದೆ. ಅದಕ್ಕೆ ಪರದೇಶದ ಪಂಡಿತರು ಬೇಕಾಗಿಲ್ಲ. ಗುಡಿಯನ್ನು ಮುಟ್ಟುವ ಮುನ್ನ ಛತ್ತಿನ ಒಂದು ನಕಾಶೆ, ಕಲ್ಲು ಕಲ್ಲಿಗೂ ಒಂದು ಅಂಕೆ, ದಿಕ್ಕಿನ ಒಂದು ಗುರುತು: ಇಷ್ಟನ್ನು ಊರಿನ ಶಾಲೆಯ ಹುಡುಗರೂ ಬರೆದಿಡಬಲ್ಲರು. ಸ್ಥಾನವು ಉಳಿದರೆ ಮುರಿದ ಮೂರ್ತಿಯೂ ಅರ್ಥವನ್ನು ಹೇಳುವುದು. ಸ್ಥಾನವು ತಪ್ಪಿದರೆ ಮುಕ್ಕಾಗದ ಮೂರ್ತಿಯೂ ಮೂಕವಾಗುವುದು.