ಓದು ಕಲಿಸಲು ಕಾನೂನು ಸಾಕೇ?

ಮೂರನೇ ತರಗತಿ ಮುಗಿಸುವಷ್ಟರಲ್ಲಿ ಓದು ಬಾರದ ಮಗುವನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಾಲ್ಕನೆಯದಕ್ಕೆ ಕಳಿಸುವಂತಿಲ್ಲ. ಅಮೆರಿಕದ ಮಿಸಿಸಿಪ್ಪಿ ರಾಜ್ಯ 2013ರಲ್ಲಿ ತಂದ ಕಾನೂನಿನ ಹೆಚ್ಚು ಸುದ್ದಿಯಾದ ಕಲಮು ಇದು. ಆ ವರ್ಷದ ರಾಷ್ಟ್ರೀಯ ಪರೀಕ್ಷೆಯಲ್ಲಿ ಅಲ್ಲಿನ ನಾಲ್ಕನೇ ತರಗತಿಯ ಮಕ್ಕಳು ಓದಿನಲ್ಲಿ ಪಡೆದ ಸರಾಸರಿ 209. ದೇಶದ ಪಟ್ಟಿಯಲ್ಲಿ ಬಹುತೇಕ ಕೊನೆಯ ಸ್ಥಾನ. 2019ರಲ್ಲಿ ಅದು 219ಕ್ಕೇರಿ ರಾಷ್ಟ್ರದ ಸರಾಸರಿಯನ್ನು ಮುಟ್ಟಿತು. ಬಡ ರಾಜ್ಯವೊಂದರ ಈ ಏಳಿಗೆ ಕಂಡು ಉಳಿದ ರಾಜ್ಯಗಳೂ ಕಾನೂನಿಗೆ ಕೈಹಾಕಿದವು.

ಓದು ಕಲಿಸುವ ಹಳೆಯ ರೀತಿಯ ಮೇಲೆ ಅವುಗಳಿಗೆ ಸಿಟ್ಟಿತ್ತು, ಅದಕ್ಕೆ ಕಾರಣವೂ ಇತ್ತು. ಗೊತ್ತಿಲ್ಲದ ಪದ ಬಂದರೆ ಚಿತ್ರ ನೋಡು, ವಾಕ್ಯದ ಅರ್ಥ ನೋಡು, ಊಹಿಸು ಎಂದು ಅಲ್ಲಿನ ಎಷ್ಟೋ ಸರ್ಕಾರಿ ಶಾಲೆಗಳು ದಶಕಗಳ ಕಾಲ ಕಲಿಸಿದ್ದವು. 'ಪೋನಿ' ಎಂದು ಅಚ್ಚಾಗಿದ್ದನ್ನು ಮಗು 'ಹಾರ್ಸ್' ಎಂದು ಓದಿದರೂ ನಡೆಯುತ್ತಿತ್ತು. ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ಕ್ರಮವಾಗಿ ಕಲಿಸಿದರೆ ಫಲವಿದೆ ಎಂದು ರಾಷ್ಟ್ರೀಯ ತಜ್ಞರ ಸಮಿತಿ 2000ದಲ್ಲೇ ಹೇಳಿತ್ತು. ಪತ್ರಕರ್ತೆ ಎಮಿಲಿ ಹ್ಯಾನ್‌ಫರ್ಡ್ 2022ರ ಪಾಡ್‌ಕಾಸ್ಟ್ 'ಸೋಲ್ಡ್ ಎ ಸ್ಟೋರಿ'ಯಲ್ಲಿ ಈ ಊಹೆಯ ಪಾಠದ ಹುಳುಕನ್ನು ಮನೆಮನೆಗೂ ಮುಟ್ಟಿಸಿದರು. ಆರ್ಕನ್ಸಾ 2021ರಲ್ಲಿ, ಒಹಾಯೊ, ಇಂಡಿಯಾನಾ 2023ರಲ್ಲಿ ಅದನ್ನು ಕಾನೂನಿನ ಮೂಲಕವೇ ನಿಷೇಧಿಸಿದವು.

ನಿಷೇಧದ ಉದ್ದೇಶ ಸರಿ, ಬಲ ಕಡಿಮೆ. ಇಪ್ಪತ್ತು ವರ್ಷ ಒಂದೇ ರೀತಿ ಪಾಠ ಮಾಡಿದ ಶಿಕ್ಷಕಿಗೆ ಇದನ್ನು ಬಿಡು ಎಂದರೆ, ಬದಲಿಗೆ ಏನು ಮಾಡಬೇಕೆಂಬುದನ್ನು ಯಾರಾದರೂ ಜೊತೆಗೆ ಕೂತು ತೋರಿಸಬೇಕು. ಮಿಸಿಸಿಪ್ಪಿ ಮಾಡಿದ್ದು ಅದನ್ನೇ. ಶಿಕ್ಷಕರಿಗೆ ದೀರ್ಘ ತರಬೇತಿ ಕೊಟ್ಟಿತು, ತೀರಾ ಹಿಂದುಳಿದ ಶಾಲೆಗಳಿಗೆ ಓದಿನ ಮಾರ್ಗದರ್ಶಕರನ್ನು ಕಳಿಸಿತು, ಎಡವುವ ಮಕ್ಕಳನ್ನು ಮೊದಲ ತರಗತಿಗಳಲ್ಲೇ ಗುರುತಿಸಿತು. ಇದಕ್ಕಾಗಿ ವರ್ಷಕ್ಕೆ ಸುಮಾರು 1.5 ಕೋಟಿ ಡಾಲರ್ ತೆಗೆದಿಟ್ಟಿತು.

ಹಾಗೆಂದು ಆ ಕಾನೂನೂ ನಿರ್ದೋಷಿಯಲ್ಲ. ಒಂದು ವರ್ಷ ಹೆಚ್ಚು ಕೂತ ಮಗು ನಾಲ್ಕನೆಯದರ ಪರೀಕ್ಷೆಗೆ ಬರುವಾಗ ವಯಸ್ಸಿನಲ್ಲೂ ದೊಡ್ಡದು. ಅಂಕದ ಏರಿಕೆಯಲ್ಲಿ ಅದರ ಪಾಲೆಷ್ಟು ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಎಂಟನೇ ತರಗತಿಯಲ್ಲಿ ಅಷ್ಟು ಏರಿಕೆ ಕಂಡಿಲ್ಲ. ನಪಾಸು ಮಾಡುವ ಇಂಥದೇ ಕಲಮನ್ನು ಮಿಷಿಗನ್ 2023ರಲ್ಲಿ ಕೈಬಿಟ್ಟಿತು.

ನಿಷೇಧ ಬರೆಯಲು ಶಾಸಕರಿಗೆ ಒಂದು ಸಾಲು ಸಾಕು, ಖಜಾನೆಗೆ ಹೊರೆಯೂ ಇಲ್ಲ. ನಪಾಸಿನ ಭಾರ ಹೊರುವುದು ಎಂಟು ವರ್ಷದ ಮಗು. ಸರ್ಕಾರ ತಾನೇ ಭಾರ ಹೊರುವ ಕಲಮು ತರಬೇತಿಯದೊಂದೇ. ಅದಿಲ್ಲದೆ ಮಿಸಿಸಿಪ್ಪಿಯ ಹೆಸರು ಹೇಳುವ ಮಸೂದೆಗಳನ್ನು ಸುಧಾರಣೆ ಎಂದು ಒಪ್ಪುವುದು ಕಷ್ಟ.